ಮರದ ಪೊಟರೆಯಲ್ಲಿ ಸಾಬೂನಿನ ಗೊಂಬೆ

ಪ್ರಶ್ನೆ: ‘ಟು ಕಿಲ್ ಎ ಮಾಕಿಂಗ್‌ಬರ್ಡ್’ ಕಾದಂಬರಿಯಲ್ಲಿ ಮನೆಯಿಂದ ಹೊರಗೇ ಬಾರದ ಬೂ ರಾಡ್ಲಿ ಓಣಿಯ ಮಕ್ಕಳಿಗಾಗಿ ಮರದ ಪೊಟರೆಯಲ್ಲಿ ಗುಟ್ಟಾಗಿ ಉಡುಗೊರೆ ಇಡುತ್ತಾನೆ. ಕೈಯಾರೆ ಕೊಡಬಹುದಿತ್ತಲ್ಲ? ಇಂಥದ್ದು ನಮ್ಮ ಕಡೆ ಯಾಕಿಲ್ಲ?
– ಒಬ್ಬ ಶಿಕ್ಷಕಿ, ಮುಂಡರಗಿ

ಉತ್ತರ: ಕೈಯಾರೆ ಕೊಡಲು ಅವನನ್ನು ಬಿಡುವವರು ಯಾರಿದ್ದರು? ಹರೆಯದ ಪುಂಡಾಟಕ್ಕೆ ಶಿಕ್ಷೆಯೆಂದು ಅಪ್ಪ ಅವನನ್ನು ಮನೆಯೊಳಗೆ ಕೂಡಿಹಾಕಿದ. ಅಪ್ಪ ಸತ್ತ ಮೇಲೆ ಅಣ್ಣ ನೇಥನ್ ಬಂದು ಕಾವಲು ಮುಂದುವರಿಸಿದ. ಬೂ ಹಸಿ ಅಳಿಲು ತಿನ್ನುತ್ತಾನೆಂಬ ಕಥೆ ಮಕ್ಕಳ ಬಾಯಲ್ಲಿತ್ತು. ಇಂಥವನು ಎದುರಿಗೆ ಬಂದು ಕೈ ಚಾಚಿದ್ದರೆ ಸ್ಕೌಟ್ ಮತ್ತು ಅವಳ ಅಣ್ಣ ಜೆಮ್ ಓಟ ಕೀಳುತ್ತಿದ್ದರು. ಪೊಟರೆಗೆ ಮುಖವಿಲ್ಲ, ಅದಕ್ಕೇ ಅದು ಅನುಕೂಲ.

ಅವನು ಇಟ್ಟದ್ದನ್ನೆಲ್ಲ ಒಮ್ಮೆ ನೋಡಿ: ಚೂಯಿಂಗ್ ಗಮ್, ತಿಕ್ಕಿ ಹೊಳಪು ಬರಿಸಿದ ಎರಡು ಹಳೆಯ ನಾಣ್ಯ, ಹುರಿಯ ಉಂಡೆ, ಪದಕ, ನಡೆಯದ ಕಿಸೆ ಗಡಿಯಾರ. ಕೊಂಡು ತಂದದ್ದು ಕಡಿಮೆ, ಮನೆಯ ಮೂಲೆಯಲ್ಲಿ ಬಿದ್ದದ್ದೇ ಹೆಚ್ಚು. ನಡುವೆ ಸಾಬೂನಿನಲ್ಲಿ ಕೆತ್ತಿದ ಎರಡು ಗೊಂಬೆ, ಒಂದು ಹುಡುಗ, ಒಂದು ಹುಡುಗಿ. ಕಂಡ ಕೂಡಲೇ ಸ್ಕೌಟ್ ಮಾಟವೆಂದು ಹೆದರಿ, ಕಿರುಚಿ ಕೆಳಗೆ ಎಸೆಯುತ್ತಾಳೆ. ಮೂರು ದಾರಿ ಕೂಡುವಲ್ಲಿ ನಿಂಬೆಹಣ್ಣು, ಗೊಂಬೆ ಕಂಡರೆ ಸುತ್ತಿ ಹೋಗುವ ನಮಗೆ ಆ ಕಿರುಚಾಟ ಚೆನ್ನಾಗಿಯೇ ಅರ್ಥವಾಗುತ್ತದೆ! ಎತ್ತಿಕೊಂಡು ನೋಡಿದರೆ ಹುಡುಗನ ಕೂದಲು ಜೆಮ್‌ನದು, ಹುಡುಗಿಯ ಕೂದಲು ಸ್ಕೌಟ್‌ಳದು. ಯಾರನ್ನು ನೋಡಲು ಈ ಮಕ್ಕಳು ಹೆದರುತ್ತಿದ್ದರೋ ಅವನು ಅವರನ್ನು ಅಷ್ಟು ಹತ್ತಿರದಿಂದ ನೋಡಿದ್ದ. ನನ್ನ ಲೆಕ್ಕದಲ್ಲಿ ಇಡೀ ಕಾದಂಬರಿಯ ಕೀಲಿ ಈ ಗೊಂಬೆಗಳಲ್ಲಿದೆ, ನ್ಯಾಯಾಲಯದ ದೃಶ್ಯದಲ್ಲಲ್ಲ.

ಅವನ ಕೈಕೆಲಸ ಇನ್ನೊಂದಿದೆ, ಓದುವಾಗ ಜಾರಿಹೋಗುತ್ತದೆ. ರಾಡ್ಲಿ ಮನೆಯ ಬೇಲಿಗೆ ಸಿಕ್ಕಿ ಹರಿದ ಜೆಮ್‌ನ ಪ್ಯಾಂಟು, ಅವನು ಮರಳಿ ತರಲು ಹೋದಾಗ ಹೊಲಿದು, ಮಡಿಚಿ ಬೇಲಿಯ ಮೇಲಿತ್ತು. ಹೊಲಿಗೆ ಸೊಟ್ಟ.

ಮಕ್ಕಳು ಥ್ಯಾಂಕ್ಸ್ ಹೇಳಿ ಚೀಟಿ ಬರೆದು ಪೊಟರೆಯಲ್ಲಿಡಲು ಹೋದರೆ ಅದು ಸಿಮೆಂಟಿನಿಂದ ಮುಚ್ಚಿತ್ತು. ಮರಕ್ಕೆ ರೋಗವೆಂದ ನೇಥನ್. ಮರ ಗಟ್ಟಿಮುಟ್ಟಾಗಿದೆ ಎಂದರು ಅಪ್ಪ ಆಟಿಕಸ್. ಜೆಮ್ ಕತ್ತಲಾಗುವವರೆಗೆ ವರಾಂಡದಲ್ಲಿ ನಿಂತು ಅತ್ತ.

ಇನ್ನು ನಮ್ಮ ಕಡೆಯ ಮಾತು. ಬೆಟಗೇರಿಯ ನೇಕಾರರ ಓಣಿಯಲ್ಲಿ ಮನೆಗೆ ಮನೆ ಅಂಟಿಕೊಂಡಿದೆ. ಒಬ್ಬ ಎರಡು ದಿನ ಹೊರಗೆ ಕಾಣಿಸದಿದ್ದರೆ ‘ಯಾಕ್ರೀ, ಮೈಯಾಗ ಆರಾಮಿಲ್ಲೇನು?’ ಎಂದು ಬಾಗಿಲು ಬಡಿಯುತ್ತಾರೆ. ಕೈಯಿಂದ ಮಾಡಿದ್ದು ಮಕ್ಕಳಿಗೆ ಸಿಗುವುದೂ ಬಯಲಲ್ಲೇ. ಮಣ್ಣೆತ್ತಿನ ಅಮಾವಾಸ್ಯೆಗೆ ಕುಂಬಾರರು ಎತ್ತಿನ ಜೋಡಿ ತಂದುಕೊಟ್ಟು ಕಾಳುಕಡಿ ಒಯ್ಯುವುದು ಹಳ್ಳಿಗಳ ವಾಡಿಕೆ. ಕೊಟ್ಟವರು ಯಾರೆಂದು ಮನೆಮಂದಿಗೆಲ್ಲ ಗೊತ್ತು. ಹಾಗೆಂದು ಇಲ್ಲಿ ಕೂಡಿಹಾಕಿದವರೇ ಇಲ್ಲ ಎನ್ನಲಾರೆ. ಬುದ್ಧಿ ಸರಿಯಿಲ್ಲವೆಂದು ಹಿತ್ತಲ ಕೋಣೆಯಲ್ಲಿಟ್ಟವರ ಬಗ್ಗೆ ಓಣಿಗೆ ಗೊತ್ತಿರುತ್ತದೆ, ಮಾತಿಗೆ ಬರುವುದಿಲ್ಲ. ಅವರ ಕಡೆಯಿಂದ ನೋಡಿದ ಮಕ್ಕಳ ಕಥೆಯನ್ನು ಕನ್ನಡದಲ್ಲಿ ಯಾರಾದರೂ ಬರೆಯಬೇಕು.

ಭಾರತದ ಹತ್ತಿರದ ಹೋಲಿಕೆ ಟ್ಯಾಗೋರರ ‘ಕಾಬೂಲಿವಾಲಾ’ ಕಥೆ. ಅಲ್ಲಿ ದ್ರಾಕ್ಷಿ, ಬಾದಾಮಿ ಎಲ್ಲರೆದುರಿಗೇ ಕೈ ಬದಲಾಗುತ್ತವೆ, ಹುಡುಗಿಯ ಅಪ್ಪ ದುಡ್ಡು ಕೊಡಲೂ ಮುಂದಾಗುತ್ತಾನೆ. ಬೂಗೆ ಯಾರೂ ಏನೂ ಕೊಡಲಿಲ್ಲ. ಪೊಟರೆಯಿಂದ ತೆಗೆದುಕೊಂಡೆವೇ ಹೊರತು ತಿರುಗಿ ಏನನ್ನೂ ಇಡಲಿಲ್ಲವೆಂದು ಕೊನೆಗೆ ಸ್ಕೌಟ್‌ಳೇ ಕೊರಗುತ್ತಾಳೆ.

ತರಗತಿಯಲ್ಲಿ ಈ ಕಥೆ ಹೇಳುವುದಾದರೆ 4 ಮತ್ತು 7ನೇ ಅಧ್ಯಾಯಗಳಿಂದ ಶುರು ಮಾಡಿ. ಸಿಮೆಂಟಿನ ಹತ್ತಿರ ನಿಲ್ಲಿಸಿ, ಚೀಟಿಯಲ್ಲಿ ನೀವಾಗಿದ್ದರೆ ಏನು ಬರೆಯುತ್ತಿದ್ದಿರಿ ಎಂದು ಮಕ್ಕಳನ್ನು ಕೇಳಿ. ಬಂದ ಉತ್ತರಗಳನ್ನು ನಮಗೂ ಕಳಿಸಿ.