ಹಳೆಯ ಜೀಪಿಗೆ ಯಾವ ಗೇರ್‌ಪೆಟ್ಟಿಗೆ?

ನಮ್ಮ ಬೆಳೆಗಾರರ ತೋಟಗಳಲ್ಲಿ ಇಂದಿಗೂ ದುಡಿಯುತ್ತಿರುವ ಹಳೆಯ ಜೀಪುಗಳು ಕಡಿಮೆಯೇನಲ್ಲ. ಅಂಗಳದಲ್ಲಿ ಹೊಸ ಕಾರು ನಿಂತಿದ್ದರೂ ಮೇಲಿನ ತೋಟದಿಂದ ಕಾಫಿ ಹಣ್ಣಿನ ಮೂಟೆ ಇಳಿಸಲು, ಅಡಿಕೆ ತೋಟಕ್ಕೆ ಗೊಬ್ಬರ ಮುಟ್ಟಿಸಲು ಹಳೆಯ ಜೀಪೇ ಆಗಬೇಕು. ಎಂಜಿನು ಹೇಗೋ ನಡೆದುಕೊಂಡು ಹೋಗುತ್ತದೆ. ತಕರಾರು ಬರುವುದು ಗೇರ್‌ಪೆಟ್ಟಿಗೆಯಲ್ಲಿ. ಆಗ "ಮೂರು ಗೇರಿನದನ್ನು ಕಿತ್ತು ನಾಲ್ಕರದ್ದು ಹಾಕಿಸಿ" ಎಂದು ಒಬ್ಬರು, "ಐದರದ್ದೇ ಕೂರಿಸಿಬಿಡಿ, ಪೇಟೆಗೂ ಓಡಿಸಬಹುದು" ಎಂದು ಇನ್ನೊಬ್ಬರು ಸಲಹೆ ಕೊಡುತ್ತಾರೆ. ಹಣ ಸುರಿಯುವ ಮುನ್ನ ತಿಳಿದಿರಬೇಕಾದ ಸಂಗತಿಗಳನ್ನು ಇಲ್ಲಿ ವಿವರಿಸಲು ಯತ್ನಿಸಿದ್ದೇವೆ.

ನಮ್ಮ ಅನುಭವವನ್ನೇ ಮೊದಲು ಹೇಳಿಬಿಡುತ್ತೇವೆ. ಕೆಲವು ವರ್ಷಗಳ ಹಿಂದೆ ರೋಬಸ್ಟ ಕೊಯ್ಲಿನ ಕಾಲ. ಹನ್ನೆರಡು ಮೂಟೆ ಹಣ್ಣು, ಮೂಟೆಗಳ ಮೇಲೆ ಮೂರು ಜನ ಆಳುಗಳು. ಕಣದ ಕಡೆಗೆ ಇಳಿಯುವ ದಾರಿಯಲ್ಲಿ ಎರಡನೇ ಗೇರು ತಾನಾಗಿ ಹಾರಿ ನ್ಯೂಟ್ರಲಿಗೆ ಬಂತು. ಜೀಪು ಓಟ ಕಿತ್ತಿತು. ಈ ಪೆಟ್ಟಿಗೆಯಲ್ಲಿ ಓಡುತ್ತಿರುವಾಗ ಒಂದನೇ ಗೇರು ಸುಲಭವಾಗಿ ಬೀಳದು. ಕಾಲಿನ ಬ್ರೇಕು ಅಷ್ಟು ಭಾರಕ್ಕೆ ಸಾಲಲಿಲ್ಲ. ಕೈಬ್ರೇಕು ಎಳೆದರೆ ಕೈಗೆ ಬರಿಯ ಹಿಡಿಕೆ ಬಂತು. ಹಿಂದಿನ ವರ್ಷ ಸೆಕೆಂಡ್ ಹ್ಯಾಂಡ್ ಗೇರ್‌ಪೆಟ್ಟಿಗೆ ಕೂರಿಸಿಕೊಟ್ಟ ಒಂದು ವರ್ಕ್‌ಶಾಪಿನವರು ಎಣ್ಣೆ ಕುಡಿದಿದ್ದ ಕೈಬ್ರೇಕಿನ ಪಟ್ಟಿಯನ್ನು ಕಳಚಿಟ್ಟು, ಕೇಬಲನ್ನು ತಂತಿಯಿಂದ ಚಾಸಿಗೆ ಕಟ್ಟಿ ಕಳಿಸಿದ್ದರು. ಡ್ರೈವರು ಬುದ್ಧಿವಂತಿಕೆಯಿಂದ ಧರೆಗೆ ಒರೆಸಿ ನಿಲ್ಲಿಸಿದ. ಒಬ್ಬ ಆಳಿನ ಮಣಿಕಟ್ಟು ಮುರಿಯಿತು. ಅಷ್ಟಕ್ಕೇ ಮುಗಿಯಿತೆಂಬುದು ನಮ್ಮ ಪುಣ್ಯ. ಅವರನ್ನು ಮೂಟೆಗಳ ಮೇಲೆ ಕೂರಿಸಿದ ತಪ್ಪು ಮಾತ್ರ ನಮ್ಮದೇ. ಆ ಕೆಲಸವನ್ನು ಈಗ ನಿಲ್ಲಿಸಿದ್ದೇವೆ.

ಈಗ ಯಂತ್ರದ ವಿಚಾರ. 1940ರ ದಶಕದ ಕೊನೆಗೆ ಮಹೀಂದ್ರ ಸಂಸ್ಥೆಯು ಮುಂಬಯಿಯಲ್ಲಿ ವಿಲ್ಲಿಸ್ ಜೀಪುಗಳನ್ನು ಜೋಡಿಸತೊಡಗಿತು. ನಮ್ಮಲ್ಲಿ ಹೆಚ್ಚಾಗಿ ಉಳಿದಿರುವ ಎತ್ತರದ ಬಾನೆಟ್ಟಿನ ಸಿ.ಜೆ. 3ಬಿ ಜೀಪಿಗೆ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ 80 ಅಂಗುಲ ಅಂತರ. ಅದರ ಪೆಟ್ರೋಲ್ ಎಂಜಿನಿನ ಹಿಂದೆ ಟಿ-90 ಎಂಬ ಮೂರು ಗೇರಿನ ಪೆಟ್ಟಿಗೆ, ಅದಕ್ಕಂಟಿಕೊಂಡು ಸ್ಪೈಸರ್ 18 ಎಂಬ ಟ್ರಾನ್ಸ್‌ಫರ್ ಕೇಸು. ಟಿ-90ರಲ್ಲಿ ಎರಡು, ಮೂರನೇ ಗೇರುಗಳಿಗೆ ಸಿಂಕ್ರೋಮೆಶ್ ಉಂಟು, ಒಂದನೆಯದಕ್ಕೆ ಇಲ್ಲ. ಆದ್ದರಿಂದಲೇ ಓಡುವ ಜೀಪಿನಲ್ಲಿ ಒಂದನೇ ಗೇರು ಹಾಕಬೇಕಾದರೆ ಕ್ಲಚ್ಚನ್ನು ಎರಡು ಸಲ ಒತ್ತಿ, ನಡುವೆ ಆಕ್ಸಿಲರೇಟರ್ ಕೊಟ್ಟು ಹೊಂದಿಸಬೇಕು. ಹಳೆಯ ಡ್ರೈವರುಗಳಿಗೆ ಇದು ಕರಗತ. ಹೊಸ ಹುಡುಗರಿಗೆ ಕಲಿಸಬೇಕು.

ಗೇರ್‌ಪೆಟ್ಟಿಗೆಯ ಆಯ್ಕೆಯೆಂಬುದು ಮೂಲತಃ ಒಂದು ಗುಣಾಕಾರದ ಲೆಕ್ಕ. ಟಿ-90ರ ಒಂದನೇ ಗೇರು 2.80, ಎರಡನೆಯದು 1.55, ಮೂರನೆಯದು ನೇರ, ಅಂದರೆ 1. ಟ್ರಾನ್ಸ್‌ಫರ್ ಕೇಸಿನ ಲೋ ಗೇರು 2.46. ಆಕ್ಸಲಿನ ಕ್ರೌನ್-ಪಿನಿಯನ್ 5.38. ಮೂರನ್ನೂ ಗುಣಿಸಿದರೆ ಒಂದನೇ ಲೋ ಗೇರಿನಲ್ಲಿ ಸುಮಾರು 37. ಅಂದರೆ ಎಂಜಿನು 37 ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು. ಟೈರು ಒಂದು ಸುತ್ತಿಗೆ ಹೆಚ್ಚು ಕಡಿಮೆ 2.2 ಮೀಟರು ಸಾಗುತ್ತದೆಂದು ಹಿಡಿದರೆ, ಎಂಜಿನು ನಿಮಿಷಕ್ಕೆ 1000 ಸುತ್ತು ತಿರುಗುವಾಗ ಜೀಪಿನ ವೇಗ ಗಂಟೆಗೆ ಸುಮಾರು 3.6 ಕಿಲೋಮೀಟರು, ಮನುಷ್ಯನ ನಡಿಗೆಗಿಂತ ಕಡಿಮೆ. ಅದೇ ಸುತ್ತಿನಲ್ಲಿ ಹೈ ಒಂದನೇ ಗೇರಿನಲ್ಲಿ 8.8, ಹೈ ಎರಡನೇ ಗೇರಿನಲ್ಲಿ ಹತ್ತಿರ ಹತ್ತಿರ 16 ಕಿಲೋಮೀಟರು. ನಮ್ಮ ಜೀಪು ಆ ದಿನ ಇಳಿಯುತ್ತಿದ್ದುದು ಈ ಕೊನೆಯ ಗೇರಿನಲ್ಲಿ. ಲೋ ಲಿವರು ಬಿಗಿಯೆಂದು ಅದನ್ನು ಮುಟ್ಟುವ ರೂಢಿಯೇ ತಪ್ಪಿಹೋಗಿತ್ತು.

ಟಾರು ರಸ್ತೆಯ ಲೆಕ್ಕ ಬೇರೆ. ಮೂರನೇ ಗೇರಿನಲ್ಲಿ 2000 ಸುತ್ತಿಗೆ ಜೀಪು ಹೋಗುವುದು 49 ಕಿಲೋಮೀಟರು. ಟ್ರ್ಯಾಕ್ಟರ್ ಮೂಲದ ಡೀಸೆಲ್ ಎಂಜಿನು ಕೂರಿಸಿಕೊಂಡವರು "ಜೀಪು ಕೂಗುತ್ತದೆ, ಓಡುವುದಿಲ್ಲ" ಎನ್ನುವುದು ಇದಕ್ಕೇ. ಅವರು ದೂರುವುದು ಎಂಜಿನನ್ನು, ಕಾರಣ ಮಾತ್ರ ಆಕ್ಸಲಿನಲ್ಲಿದೆ.

ಇರುವ ದಾರಿಗಳಲ್ಲಿ ಮೊದಲನೆಯದು ಇದ್ದ ಪೆಟ್ಟಿಗೆಯನ್ನೇ ಬಿಚ್ಚಿ ಸರಿಪಡಿಸುವುದು. ಇದನ್ನು ಯಾರೂ ಉತ್ಸಾಹದಿಂದ ಹೇಳುವುದಿಲ್ಲ, ಏಕೆಂದರೆ ಶ್ರಮ ಹೆಚ್ಚು, ಹೆಸರು ಕಡಿಮೆ. ಎರಡನೇ ಗೇರು ಹಾರುವುದಕ್ಕೆ ಹಲವು ಕಾರಣಗಳಿವೆ. ಸ್ಲೀವು ಮತ್ತು ಹಬ್ಬಿನ ಹಲ್ಲು ಸವೆದಿರಬಹುದು; ಶಿಫ್ಟರ್ ಫೋರ್ಕು ತೆಳ್ಳಗಾಗಿರಬಹುದು; ಗುಂಡನ್ನು ಒತ್ತಿ ಹಿಡಿಯುವ ಸ್ಪ್ರಿಂಗು ಸೋತಿರಬಹುದು; ಬೇರಿಂಗು ಸವೆದು ಶಾಫ್ಟು ಹಿಂದೆ ಮುಂದೆ ಆಡುತ್ತಿರಬಹುದು. ಕೆಲವೊಮ್ಮೆ ಪೆಟ್ಟಿಗೆಯಲ್ಲಿ ದೋಷವೇ ಇರದೆ, ಬೆಲ್ ಹೌಸಿಂಗಿನ ಬೋಲ್ಟು ಅಥವಾ ಎಂಜಿನಿನ ರಬ್ಬರು ಸಡಿಲಾಗಿರುತ್ತದೆ. ಪರೀಕ್ಷೆ ಸುಲಭ. ಖಾಲಿ ಜೀಪನ್ನು ಸಣ್ಣ ಇಳಿಜಾರಿನಲ್ಲಿ ಎರಡನೇ ಗೇರಿನಲ್ಲಿ ಇಳಿಸುತ್ತ ಆಕ್ಸಿಲರೇಟರ್ ಪೂರ್ತಿ ಬಿಡಿ. ಲಿವರು ನಡುಗಿ ನ್ಯೂಟ್ರಲ್ ಕಡೆಗೆ ಸರಿದರೆ ಆ ಜೀಪಿಗೆ ಅಂದಿನಿಂದ ಭಾರ ಹೇರಕೂಡದು. ಕೈಯಿಂದ ಲಿವರು ಹಿಡಿದುಕೊಂಡು ಓಡಿಸುವುದನ್ನು ಅನೇಕರು ಅಭ್ಯಾಸ ಮಾಡಿಕೊಂಡಿದ್ದಾರೆ. ನಾವೂ ಮಾಡಿಕೊಂಡಿದ್ದೆವು.

ಎರಡನೆಯ ದಾರಿ ನಾಲ್ಕು ಗೇರಿನ ಪೆಟ್ಟಿಗೆ. ಪೆಟ್ರೋಲ್ ಎಂಜಿನಿಗೆಂದು ರೂಪಿಸಿದ ಟಿ-90, ಡೀಸೆಲಿನ ಒಂದೊಂದು ಬಡಿತದ ಹೊಡೆತವನ್ನು ಬಹುಕಾಲ ತಾಳುವುದು ಕಷ್ಟ. 1980ರ ದಶಕದಲ್ಲಿ ಬಂದ ಎಂ.ಎಂ. 540ಕ್ಕೆ ಪ್ಯೂಜೋ ಮೂಲದ 2112 ಸಿ.ಸಿ. ಡೀಸೆಲ್ ಎಂಜಿನಿನ ಜೊತೆಗೆ ನಾಲ್ಕು ಗೇರಿನ ಪೆಟ್ಟಿಗೆ ಇತ್ತು. ಅಂಥ ಪೆಟ್ಟಿಗೆಯ ಒಂದನೇ ಗೇರು 4 ಎಂದಿಟ್ಟುಕೊಳ್ಳಿ. ಲೋ ಹಾಕಿದಾಗ ಒಟ್ಟು 53 ಆಗಿ, 1000 ಸುತ್ತಿಗೆ ವೇಗ ಎರಡೂವರೆ ಕಿಲೋಮೀಟರಿಗೆ ಇಳಿಯುತ್ತದೆ. ಏರಿಗೂ ಇಳಿಜಾರಿಗೂ ಇದು ದೊಡ್ಡ ಲಾಭ. ಆದರೆ ನಾಲ್ಕನೇ ಗೇರು ಮತ್ತೆ ನೇರವೇ. ಟಾರು ರಸ್ತೆಯಲ್ಲಿ ಒಂದು ಕಿಲೋಮೀಟರಿನ ವೇಗವೂ ಹೆಚ್ಚುವುದಿಲ್ಲ. ಗೇರು ಒಂದು ಹೆಚ್ಚಾಯಿತು, ಇನ್ನು ಜೀಪು ಓಡುತ್ತದೆ ಎಂದು ನಂಬಿ ಹಣ ಕೊಟ್ಟವರು ನಿರಾಶರಾಗುವುದು ಇಲ್ಲಿ.

ಐದು ಗೇರಿನ ಪೆಟ್ಟಿಗೆಯಲ್ಲಿ ಕೊನೆಯದು ಓವರ್‌ಡ್ರೈವ್. ಅದು 0.80 ಇದ್ದರೆ 2000 ಸುತ್ತಿಗೆ 49ರ ಬದಲು 61 ಕಿಲೋಮೀಟರು. ಕೇಳಲು ಹಿತವೇ. ತೊಡಕಿರುವುದು ಉದ್ದದಲ್ಲಿ. 80 ಅಂಗುಲದ ಜೀಪಿನಲ್ಲಿ ಹಿಂದಿನ ಪ್ರೊಪೆಲ್ಲರ್ ಶಾಫ್ಟು ಮೊದಲೇ ಗಿಡ್ಡ. ಉದ್ದನೆಯ ಪೆಟ್ಟಿಗೆ ಕೂರಿಸಿದರೆ ಟ್ರಾನ್ಸ್‌ಫರ್ ಕೇಸು ಹಿಂದೆ ಸರಿದು ಶಾಫ್ಟು ಇನ್ನೂ ಗಿಡ್ಡವಾಗುತ್ತದೆ, ಕೋನ ಕಡಿದಾಗುತ್ತದೆ, ಯೂನಿವರ್ಸಲ್ ಜಾಯಿಂಟು ಬೇಗ ಹೋಗುತ್ತದೆ. ಎಂ.ಎಂ. 540ರಂಥ 91 ಅಂಗುಲದ ವಾಹನಕ್ಕೆ ಇದು ಅಷ್ಟು ಬಾಧಕವಲ್ಲ. ಗಿಡ್ಡ ಜೀಪಿಗೆ ಮಾತ್ರ ನಾವು ಬೇಡವೆನ್ನುತ್ತೇವೆ.

ರಸ್ತೆಯ ವೇಗವೂ ಬೇಕು, ತೋಟದ ನಿಧಾನವೂ ಬೇಕು ಎನ್ನುವವರಿಗೆ ಇನ್ನೊಂದು ಉಪಾಯವಿದೆ. ಜೀಪ್ ಕುಟುಂಬದ ಆಕ್ಸಲುಗಳಲ್ಲಿ 5.38 ಅಲ್ಲದೆ 4.88, 4.27ರ ಕ್ರೌನ್-ಪಿನಿಯನ್‌ಗಳೂ ಉಂಟು. ಮೂರು ಗೇರಿನ ಪೆಟ್ಟಿಗೆಯನ್ನು ಇಟ್ಟುಕೊಂಡು 4.27 ಹಾಕಿದರೆ ರಸ್ತೆಯಲ್ಲಿ 62 ಕಿಲೋಮೀಟರು ಸಿಗುತ್ತದೆ, ಆದರೆ ಲೋ ಒಂದನೇ ಗೇರಿನ ವೇಗ 3.6ರಿಂದ 4.5ಕ್ಕೆ ಏರಿ ಇಳಿಜಾರಿನ ಹಿಡಿತ ಕಡಿಮೆಯಾಗುತ್ತದೆ. ಇದು ಕೆಟ್ಟ ವ್ಯಾಪಾರ. ಅದೇ 4.27ನ್ನು ನಾಲ್ಕು ಗೇರಿನ ಪೆಟ್ಟಿಗೆಯ ಜೊತೆ ಸೇರಿಸಿದರೆ ರಸ್ತೆಗೆ 62, ಲೋ ಗೇರಿಗೆ 3.1. ಎರಡೂ ಮೊದಲಿಗಿಂತ ಉತ್ತಮ. ಗಿಡ್ಡ ಜೀಪಿನಲ್ಲಿ ಇಲ್ಲೂ ಪೆಟ್ಟಿಗೆಯ ಉದ್ದವನ್ನು ಅಳೆದೇ ಮುಂದುವರಿಯಬೇಕು. ಖರ್ಚು ಹೆಚ್ಚು, ಸಂದೇಹವಿಲ್ಲ. ಮುಂದಿನ ಮತ್ತು ಹಿಂದಿನ ಆಕ್ಸಲು ಎರಡಕ್ಕೂ ಒಂದೇ ಲೆಕ್ಕದ ಕ್ರೌನ್-ಪಿನಿಯನ್ ಹಾಕತಕ್ಕದ್ದು. ಹಿಂದಿನದನ್ನು ಮಾತ್ರ ಬದಲಿಸಿ ಫೋರ್‌ವೀಲ್ ಹಾಕಿದರೆ ಮುಂದಿನ ಚಕ್ರ ಒಂದು ಲೆಕ್ಕ, ಹಿಂದಿನದು ಇನ್ನೊಂದು ಲೆಕ್ಕ ತಿರುಗಲೆಣಿಸಿ ಎಲ್ಲಾದರೂ ಒಂದು ಕಡೆ ಮುರಿಯುತ್ತದೆ.

ನಿಮ್ಮ ಜೀಪಿನಲ್ಲಿ ಈಗ ಯಾವುದಿದೆಯೆಂದು ತಿಳಿಯಲು ಸಮತಟ್ಟು ಜಾಗದಲ್ಲಿ ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಹಿಂದಿನ ಒಂದು ಚಕ್ರವನ್ನು ಮಾತ್ರ ಜಾಕಿನಿಂದ ಎತ್ತಿ ಕೆಳಗೆ ಗಟ್ಟಿ ಆಧಾರ ಇಡಿ. ಗೇರನ್ನು ನ್ಯೂಟ್ರಲಿನಲ್ಲಿಟ್ಟು ಕೈಬ್ರೇಕು ಬಿಡಿ. ಎತ್ತಿದ ಚಕ್ರವನ್ನು ಸರಿಯಾಗಿ ಎರಡು ಸುತ್ತು ತಿರುಗಿಸಿ, ಪ್ರೊಪೆಲ್ಲರ್ ಶಾಫ್ಟು ಎಷ್ಟು ಸುತ್ತಿತೆಂದು ಎಣಿಸಿ. ಐದು ಸುತ್ತಿನ ಮೇಲೆ ಮೂರನೇ ಒಂದು ಭಾಗದಷ್ಟಾದರೆ 5.38, ನಾಲ್ಕೂಕಾಲು ಆದರೆ 4.27.

ಕೈಬ್ರೇಕಿನ ಮಾತನ್ನು ಮತ್ತೆ ಎತ್ತಬೇಕಾಗಿದೆ. ಈ ಜೀಪುಗಳಲ್ಲಿ ಕೈಬ್ರೇಕು ಇರುವುದು ಚಕ್ರದಲ್ಲಲ್ಲ, ಟ್ರಾನ್ಸ್‌ಫರ್ ಕೇಸಿನ ಹಿಂಭಾಗದ ಸಣ್ಣ ಡ್ರಮ್ಮಿನಲ್ಲಿ. ಅದು ಹಿಡಿಯುವುದು ಪ್ರೊಪೆಲ್ಲರ್ ಶಾಫ್ಟನ್ನು. ಅಲ್ಲಿನ ಆಯಿಲ್ ಸೀಲು ಸೋರಿದರೆ ಎಣ್ಣೆ ನೇರವಾಗಿ ಡ್ರಮ್ಮಿಗೆ ಇಳಿದು ಪಟ್ಟಿ ನೆನೆಯುತ್ತದೆ. ಹಿಂದಿನ ಪ್ರೊಪೆಲ್ಲರ್ ಶಾಫ್ಟು ಕಳಚಿದ್ದರೆ ಕೈಬ್ರೇಕು ಏನನ್ನೂ ಹಿಡಿಯದು. ಟ್ರಾನ್ಸ್‌ಫರ್ ಲಿವರು ನ್ಯೂಟ್ರಲಿನಲ್ಲಿದ್ದರೆ, ಮುಖ್ಯ ಗೇರು ಹಾಕಿ ನಿಲ್ಲಿಸಿದ ಜೀಪೂ ಉರುಳುತ್ತದೆ. ಪೆಟ್ಟಿಗೆ ಬದಲಿಸುವ ಗಡಿಬಿಡಿಯಲ್ಲಿ ಮೊದಲು ಕಳೆದುಹೋಗುವುದೂ ಇದೇ ಕೈಬ್ರೇಕು. ಆದ್ದರಿಂದ ವರ್ಕ್‌ಶಾಪಿನಿಂದ ಜೀಪು ತರುವಾಗ ಹಣ ಎಣಿಸುವ ಮುನ್ನ ಒಂದು ಏರಿನಲ್ಲಿ, ಚಕ್ರಕ್ಕೆ ಕಲ್ಲು ಕೊಡಲು ಒಬ್ಬರನ್ನು ನಿಲ್ಲಿಸಿಕೊಂಡು, ಗೇರು ತೆಗೆದು ಕೈಬ್ರೇಕಿನ ಮೇಲಷ್ಟೇ ನಿಲ್ಲಿಸಿ ನೋಡಿರಿ.

ಎಂಜಿನನ್ನೂ ಬದಲಿಸುವ ಯೋಚನೆಯಿದ್ದವರು ಮೊದಲು ಸಾರಿಗೆ ಕಚೇರಿಯಲ್ಲಿ ವಿಚಾರಿಸಬೇಕು. 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮಿನಂತೆ ನೋಂದಣಿ ಪತ್ರದ ವಿವರಗಳನ್ನು ಮನಬಂದಂತೆ ಮಾರ್ಪಡಿಸುವಂತಿಲ್ಲ. ಎಂಜಿನ್ ನಂಬರು ಪತ್ರಕ್ಕೆ ತಾಳೆಯಾಗದಿದ್ದರೆ, ಹದಿನೈದು ವರ್ಷ ದಾಟಿದ ಜೀಪಿನ ನೋಂದಣಿಯನ್ನು ಐದು ವರ್ಷಕ್ಕೊಮ್ಮೆ ನವೀಕರಿಸುವಾಗ ಸಿಕ್ಕಿಬೀಳುತ್ತೀರಿ.

ಕೊನೆಗೆ ಎಣ್ಣೆ. ಹಿತ್ತಾಳೆಯ ಸಿಂಕ್ರೋ ಉಂಗುರಗಳಿರುವ ಪೆಟ್ಟಿಗೆಗೆ 90 ನಂಬರಿನ ಜಿ.ಎಲ್. 4 ದರ್ಜೆಯ ಎಣ್ಣೆ ಸಾಕು. ಹೆಚ್ಚು ಬೆಲೆಯದೆಂದು ಜಿ.ಎಲ್. 5 ಸುರಿದರೆ ಅದರಲ್ಲಿನ ಗಂಧಕದ ಅಂಶ ಹಿತ್ತಾಳೆಗೆ ಒಳ್ಳೆಯದಲ್ಲ. ಗೇರ್‌ಪೆಟ್ಟಿಗೆ ಮತ್ತು ಟ್ರಾನ್ಸ್‌ಫರ್ ಕೇಸಿನ ಮಟ್ಟವನ್ನು ಬೇರೆ ಬೇರೆಯಾಗಿ ನೋಡಿರಿ. ಒಂದರಲ್ಲಿ ಉಕ್ಕಿ ಇನ್ನೊಂದರಲ್ಲಿ ಬತ್ತಿದ್ದರೆ ನಡುವಿನ ಸೀಲು ಹೋಗಿ ಎಣ್ಣೆ ಅತ್ತಿಂದಿತ್ತ ದಾಟುತ್ತಿದೆಯೆಂದು ತಿಳಿಯಬೇಕು. ನಮ್ಮ ಜೀಪಿಗೆ ನಾವು ಕಡೆಗೆ ಹಳೆಯ ಟಿ-90ನ್ನೇ ಬಿಚ್ಚಿಸಿ, ಸ್ಲೀವು, ಫೋರ್ಕು, ಬೇರಿಂಗು, ಎರಡು ಸೀಲು, ಕೈಬ್ರೇಕಿನ ಹೊಸ ಪಟ್ಟಿ ಹಾಕಿಸಿದೆವು. ಲೋ ಲಿವರಿನ ಸಂದಿಗೆ ಗ್ರೀಸು ಕೊಟ್ಟು ಸಡಿಲಿಸಿದ್ದೇವೆ. ಮೇಲಿನ ತೋಟದ ಗೇಟು ದಾಟುವ ಮೊದಲೇ ಅದನ್ನು ಹಾಕಬೇಕೆಂದು ಡ್ರೈವರಿಗೆ ಹೇಳಿದ್ದೇವೆ.