ಫರಸಿಯೂ ಹಲಗೆಯೂ

ಕೋಟುಮಚಗಿಯ ಕಡೆಯ ಹಳೆಯ ಮನೆಯೊಂದರಲ್ಲಿ, ಮಾಗಿಯ ಮುಂಜಾನೆ, ಒಂದು ಅಂಗೈಯನ್ನು ಪಡಸಾಲೆಯ ಫರಸಿಯ ಮೇಲೂ ಇನ್ನೊಂದನ್ನು ಮರದ ಹೊಸ್ತಿಲ ಮೇಲೂ ಇಟ್ಟು ನೋಡಿರಿ. (ಹೊಸ್ತಿಲನ್ನು ತುಳಿಯಬಾರದೆಂಬುದು ಹಿರಿಯರ ಮಾತು, ಆದುದರಿಂದ ಕೈಯೇ ಸಾಕು.) ಕಲ್ಲು ಕೊರೆಯುತ್ತದೆ, ಮರ ಹಿತವೆನಿಸುತ್ತದೆ. ಆದರೆ ಉಷ್ಣತಾಮಾಪಕವು ಎರಡಕ್ಕೂ ಒಂದೇ ಅಂಕೆಯನ್ನು ತೋರಿಸುವುದು! ಕಲ್ಲು ಮರಕ್ಕಿಂತ ಸುಮಾರು ಹತ್ತು ಪಟ್ಟು ಉತ್ತಮ ಉಷ್ಣವಾಹಕ. ಅಂಗೈಯ ಶಾಖವನ್ನು ಅದು ಬೇಗ ಸೆಳೆದುಕೊಳ್ಳುತ್ತದೆ. ನಾವು ಅರಿಯುವುದು ಈ ಸೆಳೆತವನ್ನೇ.

ಆದ್ದರಿಂದಲೇ ಈಗ ಕೆಲವರು ನಡುಮನೆಗೆ ಟೈಲ್ಸನ್ನೂ ಮಲಗುವ ಕೋಣೆಗೆ ತೇಗದ ಹಲಗೆಯನ್ನೂ ಹಾಸಿಸುತ್ತಾರೆ. ತೊಡಕಿರುವುದು ಇವೆರಡೂ ಕೂಡುವಲ್ಲಿ. ಟೈಲ್ಸು ಹಿಗ್ಗುವುದು ಶಾಖದಿಂದ, ಅದೂ ಅತ್ಯಲ್ಪ: 3 ಮೀಟರ್ ನೆಲ 10 ಡಿಗ್ರಿ ಸೆಲ್ಸಿಯಸ್ ಕಾದರೆ ಸುಮಾರು 0.2 ಮಿಲಿಮೀಟರ್. ಮರದ ಬಗೆಯೇ ಬೇರೆ. ಅದರ ನಾರುಗಳು ಉದ್ದಕ್ಕೆ ಮಲಗಿವೆ. ಮಳೆಗಾಲದ ತೇವವು ನಾರುಗಳೊಳಗೆ ಹೊಕ್ಕು ಅವನ್ನು ಅಡ್ಡಲಾಗಿ ಉಬ್ಬಿಸುತ್ತದೆ. ಹಲಗೆಯ ಉದ್ದ ಬಹುಮಟ್ಟಿಗೆ ಹಾಗೆಯೇ ಉಳಿದು ಅಗಲ ಬೆಳೆಯುವುದು. ಆಷಾಢದಲ್ಲಿ ಬಿಗಿಯಾಗುವ ಬಾಗಿಲು ಯಾರಿಗೆ ತಿಳಿಯದು?

ಲೆಕ್ಕ ಹಾಕೋಣ. ತೇಗದ ತೇವಾಂಶ ಶೇಕಡಾ 1 ಹೆಚ್ಚಿದರೆ ಅಗಲ ಸುಮಾರು ಶೇಕಡಾ 0.2 ಹಿಗ್ಗಬಲ್ಲದು. ಬೇಸಿಗೆಯಲ್ಲಿ ಒಣಗಿದ ಹಲಗೆಗಳನ್ನು 3 ಮೀಟರ್ ಅಗಲಕ್ಕೆ ಹಾಸಿದ್ದೇವೆ, ತೇವಾಂಶ ಶೇಕಡಾ 3 ಏರಿತು ಎನ್ನಿರಿ: ಹಿಗ್ಗು 18 ಮಿಲಿಮೀಟರ್! ಅಂದಕ್ಕೆಂದು ಸಂದಿಗೆ ಸಿಮೆಂಟು ತುಂಬಿದ್ದರೆ ಹಲಗೆಗೆ ಮೇಲೇಳದೆ ಗತಿಯಿಲ್ಲ. ಎರಡೂ ಅಂಚುಗಳಲ್ಲಿ ಸುಮಾರು 10 ಮಿಲಿಮೀಟರ್ ತೆರಪು ಬಿಟ್ಟು ಮೇಲೆ ಪಟ್ಟಿ ಮುಚ್ಚಬೇಕು. ಪಟ್ಟಿಯನ್ನು ಟೈಲ್ಸಿನ ಬದಿಗೆ ಮಾತ್ರ ಬಂಧಿಸಿರಿ. ಹಲಗೆ ಅದರ ಕೆಳಗೆ ಸರಿದಾಡುತ್ತಿರಲಿ.