ಕಿರುಪಾತ್ರದ ಬಲ: ‘ನಾಗರಹಾವು’ ಚಿತ್ರದ ಜಲೀಲ

ಕಥಾನಾಯಕನು ನೆನಪಿನಲ್ಲಿ ಉಳಿಯುವುದು ಸಹಜ. ಬಂದು ಹೋಗುವ ಕಿರುಪಾತ್ರವೊಂದು ಅರ್ಧ ಶತಮಾನ ಉಳಿಯುವುದು ಹೇಗೆ? ತ.ರಾ.ಸು. ಅವರ ಕಾದಂಬರಿಗಳನ್ನು ಆಧರಿಸಿ ಪುಟ್ಟಣ್ಣ ಕಣಗಾಲರು 1972ರಲ್ಲಿ ತೆರೆಗೆ ತಂದ ‘ನಾಗರಹಾವು’ ಚಿತ್ರದ ಜಲೀಲನನ್ನೇ ನೋಡಿರಿ. ಅಂಬರೀಷರು ಚಿತ್ರರಂಗಕ್ಕೆ ಕಾಲಿಟ್ಟದ್ದು ಈ ಪಾತ್ರದಿಂದಲೇ. ಜಲೀಲನಿಗೆ ಚಿತ್ರವು ಕೊಟ್ಟಿರುವುದು ಅತಿ ಸ್ವಲ್ಪ: ಸಿಗರೇಟನ್ನು ತೂರಿ ತುಟಿಯಲ್ಲಿ ಹಿಡಿಯುವ ಚಳಕ, ‘ಬುಲ್‌ಬುಲ್’ ಎಂಬ ಒಂದು ಕರೆ. ಆದರೆ ಅವನು ಅಲಮೇಲುವನ್ನು ಕಾಡದಿದ್ದರೆ ರಾಮಾಚಾರಿ ಅವಳ ಬಾಳಿನೊಳಗೆ ಬರುವ ದಾರಿಯೇ ಇರಲಿಲ್ಲ. ಕಥೆಯ ಕೀಲು ಅವನ ಕೈಯಲ್ಲಿದೆ. ಇನ್ನು ಆ ಕರೆಯೋ, ಪ್ರೇಕ್ಷಕನು ಮನೆಗೆ ಒಯ್ಯಬಹುದಾದಷ್ಟು ಚಿಕ್ಕದು. ಮರಾಠಿ ಮನೆಮಾತಿನ ನಿಪ್ಪಾಣಿಯ ನನ್ನ ಸಹಪಾಠಿಗೆ ರಾಮಾಚಾರಿಯ ಮಾತುಗಳು ಪೂರ್ತಿ ತಿಳಿಯವು, ಜಲೀಲನ ಕರೆ ಮಾತ್ರ ಬಾಯಿಪಾಠ!

ಒಮ್ಮೆ ಚಿಕ್ಕೋಡಿಯ ಬಸ್‌ ನಿಲ್ದಾಣದಲ್ಲಿ ಅವನು ನಮ್ಮ ತರಗತಿಯ ಹುಡುಗಿಯೊಬ್ಬಳನ್ನು ಹಾಗೆಯೇ ಕರೆದ. ನಾವೆಲ್ಲ ನಕ್ಕೆವು, ನಾನೂ ನಕ್ಕೆ. ಅವಳು ನಗಲಿಲ್ಲ. ಮರುದಿನದಿಂದ ಬೇರೆ ಬಸ್ಸಿಗೆ ಹೋಗತೊಡಗಿದಳು. ಜಲೀಲನು ಚಿತ್ರದಲ್ಲಿ ರಾಮಾಚಾರಿಯಿಂದ ಏಟು ತಿಂದದ್ದು ಆ ಹೊತ್ತು ನಮ್ಮಲ್ಲಿ ಯಾರಿಗೂ ನೆನಪಾಗಲಿಲ್ಲ.